ಭೈರೇಶನ ದವಡೆ, ರವಿಕುಮಾರನ ಮುದ್ದೆ

ಪಕ್ಕದ ಮನೆಯ ಭೈರೇಶನ ದವಡೆ ಕೆಟ್ಟಿತೆಂದು ತಿಳಿದ ದಿನ ಕೆಂಗೇರಿ ಉಪನಗರದ ರವಿಕುಮಾರ ಹೆಂಡತಿಗೆ ತಾನಾಗಿಯೇ ಎರಡು ಮೊಳ ಮಲ್ಲಿಗೆ ತಂದುಕೊಟ್ಟಿದ್ದ. ಯಾಕೆಂದು ಕಲಾ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಪ್ರತಿವರ್ಷ ಬಡಾವಣೆಯ ಮೈದಾನದಲ್ಲಿ ಮುದ್ದೆ ಉಣ್ಣುವ ಸ್ಪರ್ಧೆ. ಗೆದ್ದವನಿಗೆ ಟಗರು, ಎರಡನೆಯವನಿಗೆ ಸ್ಟೀಲ್ ಕ್ಯಾರಿಯರ್. ರವಿಕುಮಾರನ ಮನೆಯಲ್ಲಿ ನಾಲ್ಕು ಕ್ಯಾರಿಯರ್ ಇದ್ದವು. ನಾಲ್ಕು ಟಗರುಗಳೂ ಭೈರೇಶನ ಮನೆಯಲ್ಲಿ ಬಿರಿಯಾನಿಯಾಗಿ, ಪ್ರತಿ ಸಲ ಒಂದು ಬಟ್ಟಲು ಕಾಂಪೌಂಡ್ ದಾಟಿ ಇಲ್ಲಿಗೂ ಬಂದಿತ್ತು. ಆ ಬಟ್ಟಲು ಕಂಡರೆ ರವಿಕುಮಾರನಿಗೆ ಹೊಟ್ಟೆ ಉರಿ. ತಿಂದಮೇಲೆ ಇನ್ನೂ ಉರಿ, ಯಾಕೆಂದರೆ ಬಿರಿಯಾನಿ ಚೆನ್ನಾಗಿರುತ್ತಿತ್ತು.

ಕಿವಿಯ ಮುಂದೆ ದವಡೆಯ ಕೀಲಿನಲ್ಲಿ ಮೆತ್ತೆಯಂಥ ಪುಟ್ಟ ಬಿಲ್ಲೆಯೊಂದು ಇರುತ್ತದಂತೆ. ಭೈರೇಶನದು ಜಾಗ ಬಿಟ್ಟು ಸರಿದು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಗಿತ್ತು. ಆಪರೇಷನ್ ಎಂದಾಗ ರವಿಕುಮಾರ, ಮುಖದ ತುಂಬ ಹೊಲಿಗೆ, ಆರು ತಿಂಗಳು ನಳಿಕೆಯಲ್ಲಿ ಗಂಜಿ ಎಂದೆಲ್ಲ ಊಹಿಸಿ ಒಳಗೊಳಗೇ ಹಿಗ್ಗಿದ್ದ. ಡಾಕ್ಟರು ಕಿವಿಯ ಮುಂದೆ ಎರಡೇ ಎರಡು ತೂತು ಮಾಡಿ, ಒಂದರಲ್ಲಿ ಪೆನ್ನಿನ ರೀಫಿಲ್‌ನಷ್ಟು ಸಣ್ಣ ಕ್ಯಾಮೆರಾ ಬಿಟ್ಟು, ಇನ್ನೊಂದರಿಂದ ಬಿಲ್ಲೆಯನ್ನು ಅದರ ಜಾಗಕ್ಕೆ ಕೂರಿಸಿ, ಮರುದಿನವೇ ಮನೆಗೆ ಕಳಿಸಿಬಿಟ್ಟರು. ಗಾಯವೆಂಬುದು ಕೆನ್ನೆಗೂದಲಲ್ಲಿ ಹುಡುಕಿದರೂ ಸಿಗಲಿಲ್ಲ. ಕಾಯಿಲೆಯಲ್ಲೂ ಅದೃಷ್ಟ ಅವನದೇ ಎಂದು ರವಿಕುಮಾರ ನಿಟ್ಟುಸಿರು ಬಿಟ್ಟ.

ಇದಾಗಿ ಮೂರು ವಾರಕ್ಕೆ, ಸ್ಪರ್ಧೆಯ ದಿನ ಬೆಳಿಗ್ಗೆ, ಹಾಲಿನ ಬೂತಿನಲ್ಲಿ ಭೈರೇಶ ಸಿಕ್ಕ.

"ರವಣ್ಣ, ಸಂಜೆ ಮೈದಾನದಲ್ಲಿ ಸಿಗ್ತೀನಿ."

"ನೀನಾ? ದವಡೆ ಸರಿಯಾಯ್ತಾ?"

"ಪರವಾಗಿಲ್ಲ. ಏನೂ ಅಗೀಬಾರದು ಅಂದಿದಾರೆ. ಅದಕ್ಕೇ ಮೂರು ವಾರದಿಂದ ಮೂರು ಹೊತ್ತೂ ಮುದ್ದೇನೇ. ನುಂಗೋದು, ಮಲಗೋದು."

ರವಿಕುಮಾರನ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಜಾರಿ ಬಿತ್ತು. ಮುದ್ದೆಯನ್ನು ಯಾರು ತಾನೇ ಅಗಿಯುತ್ತಾರೆ? ಆಸ್ಪತ್ರೆಗೆ ಹೋದನೆಂದು ತಾನು ಖುಷಿಪಡುತ್ತಿದ್ದರೆ ಈ ಮಹಾರಾಯ ಮೂರು ವಾರ ಪೂರ್ತಿ ಅಭ್ಯಾಸ ಮಾಡಿದ್ದ.

ರವಿಕುಮಾರ ತನ್ನ ಅಂಗಡಿಯ ಬಾಗಿಲು ಹಾಕಿ, ಮೆಟ್ರೋ ಹಿಡಿದು ವಿಜಯನಗರದಲ್ಲಿ ಇಳಿದು, ಆಟೋದಲ್ಲಿ ಬಸವೇಶ್ವರನಗರದ ಡಾಕ್ಟರ್ ದೀಪ್ತಿಯವರ ಕ್ಲಿನಿಕ್ಕಿಗೆ ಹೋದ. ಭೈರೇಶನಿಗೆ ಆಪರೇಷನ್ ಮಾಡಿದವರು ಅವರೇ. ಅವನು ಸ್ಪರ್ಧೆಗೆ ಕೂರಬಾರದೆಂದು ಅವರಿಂದಲೇ ಬರೆಸಿಕೊಂಡು ಬಂದರೆ ಟಗರು ತನ್ನದು. ರೋಗಿಯಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ಕೌಂಟರಿನ ಹುಡುಗಿ ಹೇಳಿದ್ದಕ್ಕೆ, ತನ್ನ ಹೆಸರಿನಲ್ಲೇ ಟೋಕನ್ ತೆಗೆದುಕೊಂಡು ಭೈರೇಶನ ನೋವನ್ನೆಲ್ಲ ತನ್ನದೆಂಬಂತೆ ಡಾಕ್ಟರಿಗೆ ಒಪ್ಪಿಸಿದ.

"ಬಾಯಿ ತೆಗೀರಿ," ಎಂದು ಡಾಕ್ಟರು ಅವನ ಕಿವಿಯ ಮುಂದೆ ಬೆರಳಿಟ್ಟರು. ಟಕ್ ಎಂದಿತು. ರವಿಕುಮಾರನೇ ಬೆಚ್ಚಿಬಿದ್ದ.

"ನಿಮ್ಮ ಬಿಲ್ಲೆನೂ ಸ್ವಲ್ಪ ಸರಿದಿರೋ ಹಾಗಿದೆ."

"ಹಾಗಾದ್ರೆ ಎರಡು ತೂತಿನ ಆಪರೇಷನ್ನಾ?"

"ಅದೆಲ್ಲ ಬೇಡ. ಮೆತ್ತಗಿರೋದು ತಿನ್ನಿ, ಜೋರಾಗಿ ಆಕಳಿಸಬೇಡಿ."

ಅವನಿಗೆ ಆಪರೇಷನ್, ತನಗೆ ಆಕಳಿಸಬೇಡಿ ಅನ್ನುವ ಉಪದೇಶ. ಇಷ್ಟರಲ್ಲೂ ತನ್ನದು ಎರಡನೇ ದರ್ಜೆಯೇ ಎಂದು ಅವನಿಗೆ ಕಸಿವಿಸಿಯಾಯಿತು. ಆದರೂ ಬಂದ ಕೆಲಸ ಮರೆಯಲಿಲ್ಲ.

"ಮೇಡಂ, ಈ ತೊಂದರೆ ಇರೋರು ಮುದ್ದೆ ಸ್ಪರ್ಧೆಗೆ ಕೂರಬಹುದಾ?"

"ಖಂಡಿತ ಕೂಡದು. ಅವಸರದಲ್ಲಿ ದೊಡ್ಡ ತುತ್ತಿಗೆ ಬಾಯಿ ಬಿಟ್ರೆ ದವಡೆ ಸಿಕ್ಕಿಕೊಳ್ಳುತ್ತೆ."

"ಹಾಗಂತ ಬರೆದುಕೊಡಿ."

ಡಾಕ್ಟರು ಇಂಗ್ಲಿಷಿನಲ್ಲಿ ಸರಸರ ಗೀಚಿ ಮೊಹರು ಹಾಕಿದರು. ರವಿಕುಮಾರ ಮೊಹರು ನೋಡಿಯೇ ತೃಪ್ತನಾಗಿ, ಕಾಗದ ಮಡಚಿ ಜೇಬಿಗಿಟ್ಟ.

ಸಂಜೆ ಮೈದಾನದಲ್ಲಿ ನಾಟಿಕೋಳಿ ಸಾರಿನ ಘಮ. ಎಲೆ ಹಾಕಿ ಆಗಿತ್ತು. ರವಿಕುಮಾರ ಕಮಿಟಿ ಅಧ್ಯಕ್ಷ ಉಗ್ರಪ್ಪನವರ ಕೈಗೆ ಕಾಗದ ಕೊಟ್ಟು, "ಇದನ್ನ ಮೈಕಲ್ಲೇ ಓದಿ ಸಾರ್. ನಾಳೆ ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ ಬರುತ್ತೆ," ಎಂದ.

ಉಗ್ರಪ್ಪನವರು ಕನ್ನಡಕ ಏರಿಸಿ, ಕನ್ನಡ ಮಾಡಿಕೊಂಡು ಓದಿದರು. "ರವಿಕುಮಾರ್, ವಯಸ್ಸು ನಲವತ್ತೇಳು. ಇವರ ದವಡೆ ಕೀಲಿನಲ್ಲಿ ದೋಷ ಇದೆ. ಯಾವ ತಿನ್ನೋ ಸ್ಪರ್ಧೆಗೂ ಸೇರಿಸಬಾರದು."

ಜನ ನಕ್ಕರು. ರವಿಕುಮಾರನ ಮುಖ ಸುಟ್ಟ ಬದನೆಕಾಯಿಯಾಯಿತು. "ನಂದಲ್ಲ ಸಾರ್, ಭೈರೇಶಂದು. ಅವನು ಕೂರಬಾರದು."

ಸಾರಿನ ಬಕೆಟ್ಟು ಹಿಡಿದು ಭೈರೇಶ ಮುಂದೆ ಬಂದ. "ನಾನೆಲ್ಲಿ ಕೂರ್ತೀನಿ ರವಣ್ಣ? ಹೆಸರೇ ಕೊಟ್ಟಿಲ್ಲ. ಬಡಿಸೋಕೆ ಬಂದೆ. ಈ ಸಲ ನೀವು ಗೆಲ್ಲೋದನ್ನ ಕಣ್ಣಾರೆ ನೋಡ್ಬೇಕು ಅಂತಿದ್ದೆ."

ರವಿಕುಮಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ತಾನೇ ಬಿಟ್ಟ. "ನಂಗೇನೂ ಆಗಿಲ್ಲ, ನೋಡಿ," ಎಂದು ಮೈಕಿನ ಮುಂದೆ ಬಾಯಿ ಅಗಲಿಸಿ ತೋರಿಸಿದ. ಟಕ್ ಎಂಬ ಸದ್ದು ನಾಲ್ಕೂ ಸ್ಪೀಕರಿನಲ್ಲಿ ಕೇಳಿತು.

"ಪಾಪ, ನೀನು ಕೂರೋದು ಬೇಡಪ್ಪ," ಎಂದರು ಉಗ್ರಪ್ಪನವರು. "ಆದ್ರೆ ಹಾಕಿದ ಎಲೆ ಖಾಲಿ ಬಿಡಬಾರದು. ನಿಮ್ಮನೆಯವರು ಯಾರಾದ್ರೂ ಕೂತ್ಕೊಳ್ಳಿ."

ಕಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕುಳಿತಳು. ಬೆವರದೆ, ಸಾರಿನಲ್ಲಿ ಅದ್ದಿ ಅದ್ದಿ ನುಂಗಿದಳು. ಗಂಡ ಪ್ರತಿವರ್ಷ ಆರಕ್ಕೆ ಸುಸ್ತಾಗುತ್ತಿದ್ದ. ಭೈರೇಶನ ದಾಖಲೆ ಎಂಟು. ಕಲಾ ಒಂಬತ್ತನೆಯದನ್ನು ಮುಗಿಸಿ, ಇನ್ನೂ ಸ್ವಲ್ಪ ಸಾರು ಕೇಳಿದಳು.

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲೇ," ಎಂದ ರವಿಕುಮಾರ, ಟಗರಿನ ಹಗ್ಗ ಹಿಡಿದು ನಿಂತ ಹೆಂಡತಿಗೆ.

"ಮಾಡಿದ್ದೆಲ್ಲ ನೀವೇ ಅಭ್ಯಾಸ ಅಂತ ಉಣ್ತಿದ್ರಿ. ನಂಗೆ ಉಳೀತಿದ್ದಿದ್ದು ಎರಡು," ಎಂದಳು ಕಲಾ.

ಟಗರು ಕೊನೆಗೂ ತನ್ನ ಮನೆಗೇ ಬಂತಲ್ಲ ಎಂದು ಸಂತೋಷಪಡಲು ಅವನು ನಿಜವಾಗಿ ಪ್ರಯತ್ನಿಸಿದ. ಆಗಲಿಲ್ಲ. ಇಷ್ಟು ವರ್ಷ ಕಾಂಪೌಂಡಿನಾಚೆಗೆ ಉರಿಯುತ್ತಿದ್ದ ಹೊಟ್ಟೆ ಈಗ ಅಡುಗೆಮನೆಯ ಕಡೆಗೇ ಉರಿಯತೊಡಗಿತ್ತು.

ಭೈರೇಶ ಬಂದು ಅವನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡಿ ರವಣ್ಣ. ಬರೋ ವರ್ಷಕ್ಕೆ ನನ್ನ ದವಡೆನೂ ಪೂರ್ತಿ ಸರಿಯಾಗಿರುತ್ತೆ. ನಂಗೂ ಕಲಕ್ಕಂಗೂ ಪೈಪೋಟಿ. ಮೂರನೇ ಬಹುಮಾನಕ್ಕೂ ಏನಾದ್ರೂ ಇಡಿ ಅಂತ ಉಗ್ರಪ್ಪನವರಿಗೆ ಈಗಲೇ ಹೇಳಿಟ್ಟಿದೀನಿ."