ಕೆಂಪು ಕಾರಿನಲ್ಲಿ ಗಾಳಿ ಬಾರದ ಪ್ರಸಂಗ

ಆ ಮಂಗಳವಾರ ನಾನು ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ತರರು ಬಾಗಿಲವರೆಗೆ ಬಂದರು, ಒಳಗೆ ಬರಲಿಲ್ಲ. ಕೈಸನ್ನೆ ಮಾಡಿ ಕರೆದರು. ನನ್ನ ಯಜಮಾನರು ಮಲಾಡ್‌ನಲ್ಲಿ ತಾವು ಕೆಲಸ ಮಾಡುವ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಹೋಗಿಬಿಟ್ಟಿದ್ದರು.

ಅವರು ಬಿಟ್ಟುಹೋದದ್ದು ನನ್ನನ್ನು, ಅವರ ತಾಯಿಯನ್ನು, ಮತ್ತು ಎಸಿ ಕೆಟ್ಟ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಉಳಿದದ್ದೆಲ್ಲ ಅವರೇ ರಿಪೇರಿ ಮಾಡಿದ್ದರು. ಎಸಿ ಮಾತ್ರ ಅವರಿಗೂ ಬಗ್ಗಿರಲಿಲ್ಲ.

ಕಾರು ಮಾರುವುದೆಂದು ನಿಶ್ಚಯವಾಯಿತು. ಅತ್ತೆ ಹೇಳಿದ್ದು ಇಷ್ಟೇ: "ಎಸಿ ಸರಿಯಾದ ದಿನ ನನ್ನನ್ನು ಕೂರಿಸಿಕೊಂಡು ಮಲಾಡಿನ ತನ್ನ ಹೋಟೆಲಿಗೆ ಹೋಗ್ತೇನೆ ಅಂದಿದ್ದ. ಅದೊಂದು ಆಗಲಿ. ಮತ್ತೆ ಎಂತ ಬೇಕಾದರೂ ಮಾಡು."

ಮನೆಯಲ್ಲಿ ಕೆಟ್ಟುನಿಂತ ವಸ್ತುವೊಂದಿದ್ದರೆ ಮುಂದೆ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಕಾರಿಗೆ ಕುಂಕುಮ

ಮುಲುಂಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ಮರಾಠಿ ಹೆಂಗಸರು ಅರಿಸಿನ ಕುಂಕುಮ ಹಂಚುತ್ತಾರೆ. ಮೂರನೆಯ ಮಾಳಿಗೆಯ, ನಾವೆಲ್ಲ ಕಾಕು ಎಂದು ಕರೆಯುವ ಮರಾಠಿ ಚಿಕ್ಕಮ್ಮ ಪಾರ್ಕಿಂಗಿನಲ್ಲಿ, ಕಾರಿನ ಪಕ್ಕ ನಿಂತಿದ್ದ ನನಗೆ ಎದುರಾದರು. ಅಭ್ಯಾಸಬಲದಿಂದ ಭರಣಿ ತೆರೆದರು, ಬೆರಳು ಅದ್ದಿದರು, ನನ್ನ ಹಣೆಯವರೆಗೆ ತಂದರು. ಆಗ ನೆನಪಾಯಿತು. ಬೆರಳು ಗಾಳಿಯಲ್ಲೇ ನಿಂತಿತು. ಅದನ್ನು ಈಗ ಏನು ಮಾಡಬೇಕೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಅರೇ ದೇವಾ!" ಎಂದವರೇ ಬಾನೆಟ್ಟಿಗೆ ಒರೆಸಿ, "ಗಾಡಿಗೆ, ಗಾಡಿಗೆ!" ಎನ್ನುತ್ತ ಮೆಟ್ಟಿಲು ಹತ್ತಿಬಿಟ್ಟರು.

ಆ ವರ್ಷ ನಮ್ಮ ಮನೆಯಲ್ಲಿ ಮುತ್ತೈದೆಯೆಂದರೆ ಕಾರು ಒಂದೇ.

ಕಾಣದ ಗ್ಯಾಸು

ಸ್ಟೇಷನ್ ಹತ್ತಿರದ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತುವ ಮೊದಲೇ "ಗ್ಯಾಸ್ ಖತಮ್" ಎಂದ.

"ತೆರೆದು ನೋಡದೆ ಹೇಗೆ ಗೊತ್ತಾಯಿತು?"

"ಮೇಡಂ, ನಿಮಗೆ ಗ್ಯಾಸ್ ಕಾಣಿಸ್ತಾ ಇದೆಯಾ?"

"ಇಲ್ಲ."

"ಮತ್ತೆ? ಖತಮ್."

ಇದರಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಹೊಳೆದದ್ದು ಅವನು ಗ್ಯಾಸ್ ತುಂಬಿಸಿ ಹೋದ ಮೇಲೆ. ಅಷ್ಟಾದರೂ ಒಳಗೆ ಒಂದು ಎಳೆ ಗಾಳಿ ಬರಲಿಲ್ಲ. ಫೋನ್ ಮಾಡಿದೆ.

"ಕಾರು ಬಹಳ ದಿನ ನಿಂತಿದೆಯಲ್ಲ, ಅದಕ್ಕೇ ಬೇಜಾರಾಗಿದೆ. ಓಡಿಸಿ ಮೇಡಂ, ತಾನಾಗಿ ಬರುತ್ತದೆ," ಎಂದ.

ಕಾರಿಗೂ ಬೇಜಾರಾಗುತ್ತದೆಂದು ಹೇಳಿದವನು ಅವನೊಬ್ಬನೇ. ನಂಬಿದೆ.

ಸಿಗ್ನಲ್ಲಿನಲ್ಲಿ

ಕಾರು ಓಡಿಸುವುದನ್ನು ಯಜಮಾನರು ಇದೇ ಕಾರಿನಲ್ಲಿ ಕಲಿಸಿದ್ದರು. ಮೂರನೆಯ ಗೇರು ದಾಟಿದವಳಲ್ಲ ನಾನು. ಎಸಿಯ ಪರೀಕ್ಷೆ ಸರಿಯಾಗಿ ನಡೆಯಲೆಂದು ಕಿಟಕಿ ಪೂರ್ತಿ ಮುಚ್ಚಿ ಹೊರಟೆ. ಸಿಗ್ನಲ್ ಬರುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಪಕ್ಕದ ರಿಕ್ಷಾದವನು ಬಗ್ಗಿ ನೋಡಿ ಗಾಜು ತಟ್ಟಿದ.

"ಧಕ್ಕಾ ಮಾರೂಂ ಕ್ಯಾ, ಮ್ಯಾಡಮ್?"

ತಳ್ಳುವುದು ಬೇಡ, ಕಾರು ಸರಿಯಿದೆ, ಎಸಿ ಪರೀಕ್ಷಿಸುತ್ತಿದ್ದೇನೆ ಎಂದು ಗಾಜು ಇಳಿಸಿ ವಿವರಿಸಿದೆ. ಒಳಗಿನಿಂದ ಹೊಮ್ಮಿದ ಬಿಸಿಗೆ ಅವನು ಮುಖ ಹಿಂದೆಗೆದುಕೊಂಡು ತನ್ನ ಪ್ಯಾಸೆಂಜರಿಗೆ ಹೇಳಿದ:

"ಎಸಿಯಲ್ಲ ಸಾಬ್. ಮ್ಯಾಡಮ್ ಇಡ್ಲಿ ಬೇಯೋಕೆ ಇಟ್ಟಿದ್ದಾರೆ."

ಜಾರದ ಹೂವು

ಧಾರಾವಿಯಲ್ಲಿ ಕಾರಿನ ಎಸಿ ರಿಪೇರಿ ಮಾಡುವ, ವಿಜಯಪುರ ಕಡೆಯ ಚಾಚಾ ಒಬ್ಬರು ಒಂದು ಭಾನುವಾರ ನಮ್ಮ ಬಿಲ್ಡಿಂಗಿಗೇ ಬಂದರು. ಅವರೂ ಮೊದಲು ಗ್ಯಾಸ್ ಎಂದರು. ಆಮೇಲೆ ಕಂಪ್ರೆಸರ್ ಎಂದರು. ಹೇಳುವುದಕ್ಕೆ ಬೇರೆ ಹೆಸರು ಉಳಿಯದಿದ್ದಾಗ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಗಾಳಿ ನೂಕುವ ಫ್ಯಾನ್ ಬಿಚ್ಚಿದರು. ಅವರ ಎದೆಯ ಮೇಲೆ ಒಣಗಿದ ಚೆಂಡುಹೂವಿನ ಎಸಳು ಸುರಿಯಿತು. ಹಿಂದೆಯೇ ಅಕ್ಷತೆ.

"ಅಕ್ಕಾರ, ಇದು ಎಸಿ ಐತೋ, ಗುಡಿ ಐತೋ?"

ನನಗೆ ತಲೆಬುಡ ತಿಳಿಯಲಿಲ್ಲ. ಕೈಯಲ್ಲಿ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ತಿಳಿಯಿತು.

"ಅದು ಆಯುಧಪೂಜೆದು. ಈ ಕಾರಿನ ಮೂತಿ ಇಳಿಜಾರಲ್ವಾ? ಹೂ ಇಟ್ಟರೆ ಜಾರ್ತದೆ. ದೇವರಿಗೆ ಅಂತ ಇಟ್ಟದ್ದು ನೆಲಕ್ಕೆ ಬೀಳಬಾರದು. ಮುಂದಿನ ಗಾಜಿನ ಬುಡದಲ್ಲಿ ಸಂದು ಉಂಟು. ಅದರೊಳಗೆ ತುರುಕ್ತಿದ್ದೆ. ಕುಂಕುಮವನ್ನೂ."

"ಎಸಿಗೆ ಗಾಳಿ ಹೋಗೋದು ಅದ ಸಂದಿನ್ಯಾಗ್ರಿ, ಅಮ್ಮಾರ! ವರ್ಷಾ ಹಾಕ್ತಿದ್ರೇನು?"

"ಪ್ರತಿ ವರ್ಷ. ಎಸಿ ಕೆಟ್ಟ ಮೇಲೆ, ಬೇಗ ಸರಿಯಾಗಲಿ ಅಂತ ಎರಡು ಹಿಡಿ ಹೆಚ್ಚೇ ಹಾಕಿದೆ."

ಚಾಚಾ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಜಮಾನರು ಎಷ್ಟೋ ಭಾನುವಾರ ಬಾನೆಟ್ಟಿನೊಳಗೆ ತಲೆಯಿಟ್ಟು ಹುಡುಕುತ್ತಿದ್ದರು. ಅವರಿಗೆ ಚಹಾ ತಂದುಕೊಡುತ್ತಿದ್ದವರೂ ಅತ್ತೆಯೇ. ನಗಬೇಕೋ ಬೇಡವೋ ಎಂದು ನಾನು ಅತ್ತೆಯ ಮುಖ ನೋಡಿದೆ. ಅವರು ಆಗಲೇ ನಗುತ್ತಿದ್ದರು.

ಫ್ಯಾನ್ ತೊಳೆದು ಕೂರಿಸಿದ್ದಾಯಿತು. ಅತ್ತೆಯೂ ನಾನೂ ಕಾರಿನೊಳಗೆ ಕೂತೆವು. "ಫುಲ್ ಇಡ್ರಿ!" ಎಂದು ಚಾಚಾ ಹೊರಗಿನಿಂದ ಕೂಗಿದರು. ಗಾಳಿ ಬರುವ ಕೊಳವೆಗಳನ್ನು ಅವರು ಒರೆಸಿರಲಿಲ್ಲ. ಗುಂಡಿ ತಿರುಗಿಸಿದೆ. ಭುಸ್ ಎಂದು ಅಷ್ಟು ವರ್ಷಗಳ ಕುಂಕುಮವೆಲ್ಲ ಒಮ್ಮೆಲೇ ನಮ್ಮಿಬ್ಬರ ಮುಖಕ್ಕೆ ಬಂತು.

ಅದರ ಹಿಂದೆ ತಂಪು ಗಾಳಿ ಬಂತು.

ಅತ್ತೆ ಟವೆಲಿನಿಂದ ತಮ್ಮ ಮುಖ ಒರೆಸಿಕೊಂಡರು. ನಾನು ಟವೆಲಿಗೆ ಕೈ ಚಾಚಿದೆ. ಅವರು ಕುಂಕುಮ ಹತ್ತಿದ ನನ್ನ ಹಣೆ ನೋಡಿದರು.

"ಹೊರಡು, ಮಲಾಡಿಗೆ," ಎಂದರು.

ಟವೆಲನ್ನು ನಾಲ್ಕಾಗಿ ಮಡಿಸಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.