ಮೂರು ಸಹಿ ನಿಲ್ಲುವ ಹದ

ಮನೆಯಲ್ಲಿ ತಯಾರಿಸುವ ಸಾಬೂನಿನ ಹಿಟ್ಟು ಸರಿಯಾದ ಹದಕ್ಕೆ ಬಂದಿದೆಯೇ ಎಂದು ತೀರ್ಮಾನಿಸುವ ಅಧಿಕಾರ ತಯಾರಿಸಿದವರಿಗಿಲ್ಲ. ಅದು ಹದ ನಿರ್ಧಾರಣಾ ಇಲಾಖೆಗೆ ಸೇರಿದ್ದು. ನಿಯಮ ಸರಳವಾಗಿದೆ. ಎಣ್ಣೆಗೆ ಕ್ಷಾರದ ನೀರು ಬೆರೆಸಿ ಕಲಕಿದ ಹಿಟ್ಟಿನ ಮೇಲೆ ಗುಮಾಸ್ತರು, ಅಧೀಕ್ಷಕರು, ನಿರ್ದೇಶಕರು ಕ್ರಮವಾಗಿ ಚಮಚದ ತುದಿಯಿಂದ ಸಹಿ ಮಾಡತಕ್ಕದ್ದು. ಸಹಿ ಮುಳುಗಿದರೆ ಹಿಟ್ಟು ತೆಳು. ಚಮಚ ಓಡದಿದ್ದರೆ ಗಟ್ಟಿ. ಮೂರೂ ಸಹಿ ನಿಂತರೆ ಮಾತ್ರ ಮಾರಾಟಕ್ಕೆ ಪರವಾನಗಿ.

ಪುಸ್ತಕ ಬೈಂಡಿಂಗ್ ಮಾಡುವವರೊಬ್ಬರ ಹೆಂಡತಿಗೆ ಗಂಡನ ಅಂಗಡಿಯ ಕಪಾಟಿನಲ್ಲಿ ತನ್ನ ಸಾಬೂನನ್ನೂ ಇಡಬೇಕೆಂದು ಬಲು ಆಸೆ. ಹನ್ನೊಂದು ಸಲ ಹಿಟ್ಟು ಕಲಕಿದರು. ಪ್ರತಿ ಸಲವೂ ಗುಮಾಸ್ತರ ಸಹಿ ಅಂದವಾಗಿ ನಿಂತಿತು. ಅಧೀಕ್ಷಕರು ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಹಿಟ್ಟು ಬಿಗಿಯಿತು. ನಿರ್ದೇಶಕರು ಊಟ ಮುಗಿಸಿ ಬರುವಷ್ಟರಲ್ಲಿ ಕಲ್ಲಾಯಿತು.

“ಮೇಡಂ, ಇದು ಸಾಬೂನಾಗಿಬಿಟ್ಟಿದೆಯಲ್ರೀ,” ಎಂದು ನಿರ್ದೇಶಕರು ನೊಂದುಕೊಂಡರು.

“ಸಾಬೂನಾಗ್ಲಿ ಅಂತಾನೇ ಅಲ್ವಾ ಸರ್ ಮಾಡಿದ್ದು?”

“ಇಷ್ಟೊಂದು ಆತುರ ಒಳ್ಳೇದಲ್ಲ.”

ಹನ್ನೆರಡನೆಯ ಸಲ ಆಕೆಗೆ ಅಳುವೇ ಬಂತು. ಮುಖ ತೊಳೆಯಲು ಹೋದರು. ಅಷ್ಟರಲ್ಲಿ ಅಧಿಕಾರಿಗಳು ಪಕ್ಕದ ಒಲೆಯ ಮೇಲಿದ್ದ ಪಾತ್ರೆಗೆ ಚಮಚ ಹಾಕಿದ್ದರು. ಅದರಲ್ಲಿದ್ದದ್ದು ಪುಸ್ತಕಕ್ಕೆ ರಟ್ಟು ಹಚ್ಚಲು ಗಂಡ ಕುದಿಸಿಟ್ಟಿದ್ದ ಗೋಧಿಹಿಟ್ಟಿನ ಅಂಟು. ಮೂರೂ ಸಹಿ ಕೆತ್ತಿದ ಹಾಗೆ ನಿಂತವು.

“ಸರ್, ಅದು ನಮ್ಮೆಜಮಾನ್ರ ಅಂಟು!”

“ಹದ ನೋಡೋದಷ್ಟೇ ನಮ್ಮ ಕೆಲಸ. ಒಳಗೇನಿದೆ ಅನ್ನೋದು ಬೇರೆ ಇಲಾಖೆ.”

ಪರವಾನಗಿ ಅಂದೇ ಕೈಸೇರಿತು. “ಸದರಿ ಮಾದರಿಗಿಂತ ಕೂದಲೆಳೆಯಷ್ಟು ಭಿನ್ನವಾದ ಯಾವುದೇ ವಸ್ತುವನ್ನು ಸಾಬೂನು ಎಂದು ಕರೆಯತಕ್ಕದ್ದಲ್ಲ” ಎಂಬ ಷರತ್ತೂ ಇತ್ತು. ಹೆಂಡತಿ ತಲೆ ಮೇಲೆ ಕೈ ಹೊತ್ತು ಕುಳಿತರು. ಗಂಡ ಅದನ್ನು ಎರಡು ಸಲ ಓದಿದರು.

“ಅಂಟಿಗೆ ಪರವಾನಗಿ ಬೇಡ ಕಣೇ. ನಿನ್ನ ಸಾಬೂನಿಗೆ ಅಂಟು ಅಂತ ಚೀಟಿ ಹಚ್ಚು.”

ಹನ್ನೆರಡು ಪಾತ್ರೆ ತಿಕ್ಕಿದ ಮೇಲೆ ಆಕೆ ಮೊದಲ ಬಾರಿಗೆ ಹೊಟ್ಟೆ ತುಂಬ ನಕ್ಕರು.

ಈಗ ಕಪಾಟಿನ ಮೇಲಿನ ಸಾಲಿನಲ್ಲಿ ಡಬ್ಬಿಗಳಲ್ಲಿ ಸಾಬೂನಿದೆ. ಪುಸ್ತಕ ಹರಿದವರು ಒಯ್ಯುತ್ತಾರೆ. ಕೆಳಗಿನ ಸಾಲಿನಲ್ಲಿ ಅಂಟಿನ ಬಿಲ್ಲೆಗಳಿವೆ. ಸ್ನಾನ ಮಾಡುವವರು ಒಯ್ಯುತ್ತಾರೆ. ಯಾರಿಗೂ ಗೊಂದಲವಿಲ್ಲ. ಕಳೆದ ವಾರ ನಿರ್ದೇಶಕರೇ ಬಂದರು.

“ನಾಲ್ಕು ಅಂಟು ಕೊಡಿ ಮೇಡಂ. ಅದಿಲ್ದೆ ನಮ್ಮನೇಲಿ ಯಾರೂ ಸ್ನಾನಕ್ಕೇ ಹೋಗ್ತಿಲ್ಲ.”

“ಸಾಬೂನು ಬೇಡ್ವಾ ಸರ್? ನೀವೇ ಸಹಿ ಹಾಕಿದ್ದು.”

“ಅಯ್ಯೋ, ಬೇಡ. ಹೋದ ಸಲ ಅದರಲ್ಲೇ ಮುಖ ತೊಳ್ಕೊಂಡು ಎರಡು ದಿನ ಬಾಯಿ ಬಿಡೋಕಾಗ್ಲಿಲ್ಲ,” ಎಂದ ನಿರ್ದೇಶಕರು, ಸ್ವಲ್ಪ ಯೋಚಿಸಿ ಸೇರಿಸಿದರು: “ಕಚೇರಿ ಕೆಲಸ ಮಾತ್ರ ಆ ಎರಡು ದಿನ ಸಲೀಸಾಗಿ ನಡೀತು.”