ಪರದೆ ಹಿಂದಿನ ಎಡಗೈ

ಟೆಂಟ್ ಸಿನಿಮಾದ ಬಾಗಿಲು ಕಾಯೋನಿಗೆ ಪರದೆ ಮ್ಯಾಲ ಒಂದು ಆಟ ಕಂಡ್ರ, ಪರದೆ ಕೆಳಗ ಹತ್ತು ಆಟ ಕಾಣ್ತಾವ. ನಮ್ಮ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದಾಗ, ಕಂಪ್ಲ್ಯಾಗ ನಾ ಕಣ್ಣಾರೆ ಕಂಡದ್ದು ಹೇಳ್ತೀನಿ.

ಗೊತ್ತಿದ್ದ ಕೊಲೆಗಾರ

ಅದೊಂದು ಕೊಲೆ ಚಿತ್ರ, ಹೆಸರಾದ ಕಾದಂಬರಿಯಿಂದ ತೆಗೆದದ್ದು. ಆ ಕಾದಂಬರಿನ ಮಾಸ್ತರೊಬ್ಬರು ಅಕ್ಕಿ ಗಿರಣಿ ಕಟ್ಟಿ ಮ್ಯಾಲ ಕುಂತು ಊರ ಗಂಡಸರಿಗೆಲ್ಲ ಓದಿ ಹೇಳಿಬಿಟ್ಟಿದ್ರು. ಕೊಂದವ ಡಾಕ್ಟರ ಅಂತ ಅವ್ರಿಗೆಲ್ಲಾ ಗೊತ್ತು.

ಟೆಂಟಿನ ಮಾಲಕರು ತಲಿ ಮ್ಯಾಲ ಕೈ ಹೊತ್ತು, "ವಾರ ನಡೀಲಿಲ್ಲಂದ್ರ ಟೆಂಟ್ ಕೀಳ್ತೀನಿ. ನೀನೂ ಬ್ಯಾರೆ ಕೆಲಸ ನೋಡ್ಕೋ" ಅಂದ್ರು.

"ನಾ ಇರೂತನಕ ಯಾಕ್ರೀ ಚಿಂತಿ?" ಅಂದೆ.

ಆಟ ಶುರುವಾತು. ಏನ್ ಚಿತ್ರ ತೆಗೆದಿದ್ದ ಆ ಪುಣ್ಯಾತ್ಮ! ಮುಖ ತೋರಿಸಂಗಿಲ್ಲ, ಬರೇ ಒಂದು ಕೈ, ಒಂದು ಚೂರಿ. ಮಾಸ್ತರು ನನ್ನ ತೋಳು ಗಟ್ಟಿ ಹಿಡಿದು, "ಯಾರಲೇ ಅವ?" ಅಂದ್ರು.

"ನೀವ ಓದಿ ಹೇಳಿದ್ರೆಲ್ರಿ, ಡಾಕ್ಟರ."

"ಓದುವಾಗ ಅವ ಇಷ್ಟು ಹತ್ರ ಬಂದಿರ್ಲಿಲ್ಲಲೇ!"

ಪೊಲೀಸಪ್ಪನ ಹುಕುಂ

ಪರದೆ ಮ್ಯಾಲ ಪತ್ತೇದಾರ, "ಯಾರೂ ಹೊರಗೆ ಹೋಗಬಾರದು!" ಅಂದ. ಆಟ ನೋಡಾಕ ಬಂದಿದ್ದ ಪೊಲೀಸಪ್ಪ ದಡಗ್ಗನ ಎದ್ದು ಬಾಗಿಲಿಗೆ ಲಾಠಿ ಅಡ್ಡ ಹಿಡಿದ. ಸಂಡೂರ ಅಡವ್ಯಾಗ ಹುಲಿ ಕಿವಿ ಹಿಂಡಿದ ಮನಿಷ್ಯಾ ನಾನು; ನಾನೂ ಹಿಂದ ಸರಿದೆ.

ಒಬ್ಬ ರೈತ ಕೈ ಮುಗಿದ. "ನಾ ಎಮ್ಮಿಗನೂರಿನವ್ರಿ. ಯಾರ್ನೂ ಕೊಂದಿಲ್ರಿ. ಒಂದಕ್ಕ ಹೊಂಟೀನ್ರಿ."

"ಎಲ್ಲಾ ಕೊಲೆಗಾರರೂ ಹಿಂಗ ಅಂತಾರ. ಕುಂದ್ರಲೇ!"

ಅಪೀಲು

ಹೆಣ್ಮಕ್ಕಳು ಪರದೆ ಹಿಂದ ಕುಂದ್ರತಿದ್ರು. ಪರದೆ ಅರಿವಿ ತೆಳ್ಳಗಿತ್ತು, ಚಿತ್ರ ಆ ಕಡೆಗೂ ಕಾಣ್ತಿತ್ತು. ಆದ್ರ ಬಲಗೈ ಎಡಗೈಯಾಗಿ, ಎಡಗೈ ಬಲಗೈಯಾಗಿ.

ಕಡೀಕ ಪತ್ತೇದಾರ, "ಕೊಂದವನು ಎಡಚ!" ಅಂತ ಡಾಕ್ಟರನ್ನ ಹಿಡಿದ. ಈ ಕಡೆ ಗಂಡಸರ ಚಪ್ಪಾಳೆ, ಆ ಕಡೆ ಹೆಣ್ಮಕ್ಕಳ ಬೊಬ್ಬೆ! ಎಲ್ಲಾರಕಿಂತ ಮುಂದ ನನ್ನ ಹೆಂಡ್ತಿ.

"ಚಿತ್ರದಾಗ ಆ ಮನಿ ಮಂದಿಯೆಲ್ಲ ಎಡಗೈಲೆ ಉಂಡ್ರು, ಎಡಗೈಲೆ ಕುಂಕುಮ ಹಚ್ಚಿದ್ರು. ಡಾಕ್ಟರಪ್ಪ ಒಬ್ಬನ ಬಲಗೈಲೆ ಮದ್ದು ಕೊಟ್ಟ. ಅವನ್ನ ಹಿಡೀತಾರ? ಬಿಡಸ್ರಿ! ಇಲ್ಲಂದ್ರ ಈ ಟೆಂಟಿಗೆ ಒಬ್ಬಾಕಿನೂ ಕಾಲಿಡಂಗಿಲ್ಲ!"

ಮಾಲಕರು ನನ್ನ ಮುಂದಕ್ಕ ದಬ್ಬಿದ್ರು. ನಾ ಊರಾಗ ಆಟ ಸಾರೋ ತಗಡಿನ ತುತ್ತೂರಿ ಬಾಯಿಗಿಟ್ಟೆ. "ತಾಯಂದಿರಾ, ಮದ್ರಾಸ್ ಹೈಕೋರ್ಟಿಗೆ ಅಪೀಲು ಹೋಗೇತಿ. ತೀರ್ಪು ನಾಳಿನ ಆಟದಾಗ!"

ಮರುದಿನ ಬಂದ್ರು. ತೀರ್ಪು ಮುಂದಕ್ಕ ಹೋತು. ಅದರ ಮರುದಿನ ಬಂಡಿ ಕಟ್ಟಿಗೊಂಡು ಬಂದ್ರು. ವಾರ ಏನ್ ಬಂತು, ತಿಂಗಳುಗಟ್ಲೆ ನಡೀತು!

ಕಡೀ ಆಟದ ದಿನ ನನ್ನ ಹೆಂಡ್ತಿ ಹಂಪಿಗೆ ಹೋಗಿ ಪ್ರಸಾದ ತಂದು ನನ್ನ ಕೈಯಾಗಿಟ್ಲು. "ಡಾಕ್ಟರಪ್ಪಗ ಕೊಡ್ರಿ. ಜಡ್ಜ್ ಸಾಹೇಬ್ರ ಮುಂದ ಕೊಡ್ರಿ. ಯಾವ ಕೈ ಚಾಚ್ತಾನಂತ ಅವ್ರೂ ನೋಡ್ಲಿ!"